ಬ್ಯಾಟರಿ ಪೆಟ್ಟಿಗೆಯ ಮೇಲಿನ ಗೋಣಿಚೀಲ

ಪಿಎಚ್.ಡಿ. ಮಾಡುವವರಿಗೆ ಬ್ಯಾಟರಿ ಕಟ್ಟುವುದನ್ನು ಕಲಿಸಬಹುದು. ಎದ್ದು ಹೋಗಿ ಕಣ್ಣಾರೆ ನೋಡಿ ಬರುವುದನ್ನು ಕಲಿಸುವಷ್ಟರಲ್ಲಿ ನಾನು ಹೈರಾಣಾಗಿ ಹೋಗುತ್ತೇನೆ.

ಮೈಸೂರಿನ ನಮ್ಮ ಲ್ಯಾಬಿನಲ್ಲಿ ಸೋಡಿಯಂ ಬ್ಯಾಟರಿ ಮಾಡುತ್ತೇವೆ. ಉಪ್ಪಿನಲ್ಲಿರುವ ವಸ್ತು, ಎಲ್ಲೆಲ್ಲೂ ಸಿಗುತ್ತದೆ. ಆದರೆ ಲ್ಯಾಬಿನಲ್ಲಿ ಬ್ಯಾಟರಿ ಸದಾ ಎಸಿಯ ತಂಪಿನಲ್ಲಿರುತ್ತದೆ. ಅದಕ್ಕೇ, ಹೊರಗಿನ ಬಿಸಿಲನ್ನು ತಾಳುತ್ತದೆಯೇ ನೋಡಲು ಹಟ ಹಿಡಿದು, ಲೊಕ್ಕನಹಳ್ಳಿಯ ಹತ್ತಿರ ಕಾಡಂಚಿನ ಹೊಲವೊಂದರ ಸೋಲಾರ್ ಬೇಲಿಗೆ ನಮ್ಮ ಬ್ಯಾಟರಿ ಜೋಡಿಸಿದ್ದೆ. ಹೊಲದೊಡತಿ ಐವತ್ತು ದಾಟಿದ ಹೆಂಗಸು. ಬೋರ್ ನೀರಿಗೆ ಮುಸುಕಿನ ಜೋಳ ಹಾಕಿದ್ದರು. ಬ್ಯಾಟರಿಯ ಉಸ್ತುವಾರಿ ಯಳಂದೂರಿನ ನನ್ನ ವಿದ್ಯಾರ್ಥಿನಿಯದು.

ತನ್ನ ಪಿಎಚ್.ಡಿ.ಯ ವಾರ್ಷಿಕ ಪರಿಶೀಲನೆಗೆ ಒಂದು ವಾರ ಇರುವಾಗ ಅವಳು ಪೆಟ್ಟಿಗೆಯ ಉಷ್ಣಾಂಶದ ಗ್ರಾಫ್ ತಂದಳು. ಕೊನೆಯ ಹನ್ನೊಂದು ದಿನ ಅದರಲ್ಲಿ ಇರಲೇ ಇಲ್ಲ.

"ಈ ದಿನಗಳೆಲ್ಲಿ?"

"ತೆಗೆದೆ ಮೇಡಂ. ಉರಿಬಿಸಿಲಲ್ಲೂ ಪೆಟ್ಟಿಗೆ ತಣ್ಣಗಿದೆ ಅಂತ ತೋರಿಸ್ತಿತ್ತು. ಸೆನ್ಸರ್ ಕೆಟ್ಟಿರ್ಬೇಕು."

"ಹೋಗಿ ನೋಡಿದೆಯಾ?"

"ಇಲ್ಲ. ಹೊಸ ಸೆನ್ಸರ್ ಆರ್ಡರ್ ಮಾಡಿದೀನಿ."

ಮೂರು ವರ್ಷದ ತರಬೇತಿಯ ಫಲ ಇದು! ಭಾನುವಾರ ಅವಳು ಊರಿಗೆ ಹೋಗುವವಳಿದ್ದಳು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಬಾ ಎಂದೆ. ಮೈಸೂರಿನಿಂದ ನಾನು ಎಂಟಕ್ಕೇ ಬಂದು ನಿಂತೆ. ಪಕ್ಕದ ಯಳಂದೂರಿನಿಂದ ಅವಳು ಬಂದಿಳಿದದ್ದು ಒಂಬತ್ತೂವರೆಗೆ. ಅಲ್ಲಿಂದ ಹನೂರಿನ ದಾರಿ ಹಿಡಿದೆವು.

ಹೊಲ ಮುಟ್ಟಿದಾಗ ಪೆಟ್ಟಿಗೆಯ ಮೇಲೆ ನಾಲ್ಕು ಕಲ್ಲು, ಕಲ್ಲಿನ ಮೇಲೆ ಒದ್ದೆ ಗೋಣಿಚೀಲ.

"ಯಾರಮ್ಮಾ ಇದನ್ನ ಹಾಕಿದ್ದು?" ಎಂದು ನನ್ನ ವಿದ್ಯಾರ್ಥಿನಿ ಕಿರುಚಿದಳು.

"ನಾನೇ ಕಣವ್ವ ಆಕಿದ್ದು," ಎಂದರು ಹೊಲದೊಡತಿ. "ಮದ್ಯಾನ ಕೆಂಡದಂಗೆ ಕಾದು ಕೆಂಪು ಲೈಟು ಉರೀತಿತ್ತು. ರಾತ್ರಿ ಬೇಲೀಲಿ ಕರೆಂಟೇ ಇಲ್ಲ. ಕಾಡಂದಿ ನುಗ್ಗಿ ಕಾಲು ಭಾಗ ಜೋಳ ತಿಂದ್ಕಂಡು ಓದ್ವು. ನಿಂಗೆ ಎಷ್ಟು ಸಲ ಫೋನ್ ಮಾಡ್ದೆ, ಎತ್ತುದ್ಯಾ?"

ನಾನು ವಿದ್ಯಾರ್ಥಿನಿಯತ್ತ ತಿರುಗಿದೆ.

"ಗೊತ್ತಿಲ್ಲದ ನಂಬರ್ ಮೇಡಂ..." ಎಂದಳು.

"ನೀರು ಒಳಗೆ ಹೋದ್ರೆ ಶಾರ್ಟ್ ಆಗ್ತಿತ್ತಲ್ಲಮ್ಮಾ," ಎಂದಳು ಹೊಲದೊಡತಿಗೆ, ಸ್ವಲ್ಪ ಮೆತ್ತಗಾಗಿ.

"ಅದ್ಕೇ ಅಲ್ವಾ ಕಲ್ಲಿಟ್ಟಿರದು? ಚೀಲ ಎಲ್ಲಾದ್ರೂ ಪೆಟ್ಗೆಗೆ ತಾಗ್ಯದಾ ನೋಡು."

ಅವಳು ಬಗ್ಗಿ ನೋಡಿದಳು. ತಾಗಿರಲಿಲ್ಲ. ಬ್ಯಾಟರಿ ಮಿತಿಮೀರಿ ಕಾದರೆ ಚಾರ್ಜ್ ತಾನಾಗಿ ನಿಲ್ಲುವಂತೆ ಮಾಡಿದ್ದು ನಾವೇ. ಪೆಟ್ಟಿಗೆಗೆ ಕಪ್ಪು ತಗಡು ಸಾಕು ಎಂದು ರುಜು ಹಾಕಿದ್ದು ನಾನೇ, ವರ್ಕ್‌ಶಾಪಿನಲ್ಲಿ ಮಿಕ್ಕಿತ್ತು. ದಾರಿಯುದ್ದಕ್ಕೂ ಅವಳ ಮೇಲೆ ಕುದಿಯುತ್ತಿದ್ದ ಸಿಟ್ಟಿನಲ್ಲಿ ದೊಡ್ಡ ಪಾಲು ನನ್ನ ಕಡೆಗೇ ತಿರುಗಿತು. ಹೊಲದೊಡತಿಗೆ ತಪ್ಪಾಯಿತು ಎಂದೆ. ಅವರು, "ತಪ್ಪಿರ್ಲಿ, ಓದ್ ಜೋಳ ವಾಪಸ್ ಬತ್ತದಾ?" ಎಂದರು.

ಪರಿಶೀಲನೆಯ ದಿನ ಅವಳು ಹನ್ನೊಂದು ದಿನಗಳನ್ನೂ ಸೇರಿಸಿ ತೋರಿಸಿದಳು. ಸಮಿತಿಯ ಹಿರಿಯರೊಬ್ಬರು, "ಕೆಟ್ಟ ದಿನಗಳನ್ನ ಯಾಕೆ ತೋರಿಸ್ತೀರಿ?" ಎಂದು ಮುಖ ಸಿಂಡರಿಸಿದರು.

"ಕೆಟ್ಟ ದಿನಗಳಲ್ಲ ಸರ್. ಈ ಬೇಸಿಗೆಯಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಆದದ್ದು ಆ ಹನ್ನೊಂದು ದಿನ ಮಾತ್ರ."

ಮೊದಲ ಸಲ ನನಗೆ ಅವಳ ಮೇಲೆ ಹೆಮ್ಮೆಯೆನಿಸಿತು. ಸಮಿತಿಗೆ ಹಾಗೇನೂ ಅನಿಸಲಿಲ್ಲ. ಮುಂದಿನ ಬೇಸಿಗೆಯಿಡೀ ಮತ್ತೆ ಅಳತೆ ಮಾಡಿ ಎಂದರು. ಪ್ರಬಂಧ ಒಂದು ವರ್ಷ ಹಿಂದೆ ಬಿತ್ತು. ಅವಳು ನನ್ನೊಂದಿಗೆ ಒಂದು ವಾರ ಮಾತು ಬಿಟ್ಟಳು.

ಈಗ ಪೆಟ್ಟಿಗೆ ಬಿಳಿಯದು, ಮೇಲೆ ತೆಂಗಿನ ಗರಿಯ ಚಪ್ಪರ. ಆ ನೆರಳಿಗೆ ಆಡುಗಳು ಬಂದು ಮಲಗುತ್ತವೆ, ಸೆನ್ಸರಿನ ವೈರು ಜಗಿಯುತ್ತವೆ. ಅದಕ್ಕೇನು ಮಾಡುವುದೆಂದು ನಮ್ಮಿಬ್ಬರಿಗೂ ಇನ್ನೂ ತೋಚಿಲ್ಲ.