ಹಾಡಿನ ನೆಪ

ಅರಬ್ ದೇಶದ ಸತ್ವಾ ಪೇಟೆಯ ಗ್ಯಾರೇಜಿನಲ್ಲಿ ದುಡಿಯುವ ಹಿಲರಿ ಬಾಟಲಿಗಿಂತ ಊರವರ ಬಾಯಿಗೇ ಹೆಚ್ಚು ಹೆದರುತ್ತಿದ್ದ. ಕುಡಿತ ಬಿಡುವವರ ಸಭೆಗೆ ಹೋಗುತ್ತೇನೆಂದರೆ ಸುದ್ದಿ ವಿಮಾನಕ್ಕಿಂತ ಮೊದಲು ಮಂಗಳೂರು ಮುಟ್ಟುತ್ತದೆ. ಹಾಗಾಗಿ ಒಂದೇ ರೂಮಿನಲ್ಲಿದ್ದ ಹೆಂಡತಿಯ ತಮ್ಮ ಸ್ಟ್ಯಾನಿಗೆ, ಇಗರ್ಜಿಯಲ್ಲಿ ಹಾಡಿನ ಪ್ರಾಕ್ಟೀಸ್ ಎಂದು ಸುಳ್ಳು ಹೇಳಿದ್ದ. ಸ್ಟ್ಯಾನಿ ಅದನ್ನು ಊರಲ್ಲಿದ್ದ ಅಕ್ಕನಿಗೆ ಫೋನು ಮಾಡಿ ಹೇಳಿದ. ಗಂಡ ಕೊನೆಗೂ ದೇವರ ಕಡೆ ತಿರುಗಿದನಲ್ಲ ಎಂದು ಅವಳು ಸಂತೋಷದಿಂದ ಅತ್ತಳು.

ಈ ಶನಿವಾರ ಬೆಳಿಗ್ಗೆಯಿಂದ ಕುಡಿಯುವ ಆಸೆ ಹಿಲರಿಯನ್ನು ಕಿತ್ತು ತಿನ್ನುತ್ತಿತ್ತು. ಸಭೆ ತಪ್ಪಿದರೆ ಇವತ್ತು ಕುಡಿಯುವುದು ಖಂಡಿತ ಎಂದು ಅವನಿಗೆ ಗೊತ್ತಿತ್ತು. ಹೊರಟರೆ, ಸ್ಟ್ಯಾನಿ ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದ.

"ಬಾವ, ನಾನೂ ಹಾಡ್ಲಿಕ್ಕೆ ಸೇರ್ತೇನೆ. ಅಕ್ಕನೇ ಹೇಳಿದ್ದು. ಯಲ್ಲಾ, ಹೊರಡುವ!"

"ನಿನ್ನ ಸ್ವರ ಕೇಳಿದ್ರೆ ಫಾದರ್ ಓಡಿ ಹೋಗ್ತಾರೆ. ಇಲ್ಲೇ ಬಿದ್ಕೊ."

ಸ್ಟ್ಯಾನಿ ಬಿಡಲಿಲ್ಲ. ಬಸ್ ಸ್ಟಾಪಿನಲ್ಲಿ ಹಿಲರಿಯ ಪಿತ್ತ ನೆತ್ತಿಗೇರಿತು.

"ನಾನು ಹೋಗುದು ಕುಡುಕರ ಮೀಟಿಂಗಿಗೆ ಮಾರಾಯ! ಬರ್ತೀಯಾ?"

ಸ್ಟ್ಯಾನಿ ಹೊಟ್ಟೆ ಹಿಡಿದು ನಕ್ಕ. "ಹಾಗಾದ್ರೆ ನನಗೂ ಒಂದು ಗ್ಲಾಸ್ ಇಡಿ ಬಾವ!"

ಅಷ್ಟರಲ್ಲಿ ಇಗರ್ಜಿಯ ಕಡೆ ಹೋಗುವ ಬಸ್ಸು ಬಂತು. ಸ್ಟ್ಯಾನಿ ಕೈ ಹಿಡಿದು ಅವನನ್ನು ಮೇಲೆಳೆದ. ಅದೇ ಮಾತನ್ನು ಇನ್ನೊಮ್ಮೆ, ನಗೆ ಬಾರದಂತೆ ಹೇಳುವ ಧೈರ್ಯ ಹಿಲರಿಗೆ ಬರಲಿಲ್ಲ. ಬಾಗಿಲು ಮುಚ್ಚಿತು. ಸಭೆಯ ಕಡೆ ಹೋಗುವ ಬಸ್ಸು ಹಿಂದೆಯೇ ಬಂದು ನಿಂತದ್ದು ಕಿಟಕಿಯಲ್ಲಿ ಕಂಡಿತು.