ಪರದೆ ತುಂಬ ಮಾವನ ಬೆನ್ನು

ಬಡವನಹಳ್ಳಿಯ ಮದುವೆಯೊಂದರಲ್ಲಿ ಲೈವ್ ವಿಡಿಯೋ ನನ್ನದು. ಮಂಟಪದ ಪಕ್ಕದಲ್ಲೇ ದೊಡ್ಡ ಎಲ್‌ಇಡಿ ಪರದೆ. ನಾಲ್ಕು ಮಾರು ದೂರದಲ್ಲಿ ಕೂತ ಗಂಡುಹೆಣ್ಣನ್ನು ಬಿಟ್ಟು ಜನರೆಲ್ಲ ಪರದೆಯನ್ನೇ ನೋಡುತ್ತಿದ್ದರು. ಕಣ್ಣೆದುರಿಗಿರೋದನ್ನು ಈಗ ಯಾರು ನಂಬುತ್ತಾರೆ?

ಗಟ್ಟಿಮೇಳ ಶುರುವಾಯಿತು. ಅದೇ ಹೊತ್ತಿಗೆ ಹೆಣ್ಣಿನ ಸೋದರಮಾವ, ತಾಳಿ ಕಟ್ಟೋದನ್ನು ಮೊಬೈಲಲ್ಲಿ ಹಿಡಿಯೋಕೆ ಅಂತ ನನ್ನ ಕ್ಯಾಮೆರಾಗೆ ಅಡ್ಡ ನಿಂತ. ಪರದೆ ತುಂಬ ಅವನ ಬೆನ್ನು. “ಪಕ್ಕಕ್ಕೆ ಬಾರಣ್ಣ” ಅಂತ ಅರಚಿದೆ, ಆ ವಾಲಗದಲ್ಲಿ ಎಲ್ಲಿ ಕೇಳಿಸಬೇಕು? ಜನ ಭಕ್ತಿಯಿಂದ ಪರದೆಗೇ ಅಕ್ಷತೆ ಎಸೆದರು.

ಆಮೇಲೆ ಅವನೇ ಬಂದು ರೇಗಿದ: “ಪರದೇಲಿ ತಾಳಿ ಕಟ್ಟಿದ್ದು ಕಾಣ್ಲೇ ಇಲ್ವಂತಲ್ಲೋ, ಏನ್ಲಾ ಮಾಡ್ತಿದ್ದೆ?”

“ಊರೋರ ಆಶೀರ್ವಾದ ಎಲ್ಲಾ ನಿನ್ ಬೆನ್ನಿಗೇ ಬಿತ್ತು ಕಣಣ್ಣ,” ಅಂದೆ. “ಆ ಹುಡ್ಗೀಗೂ ಒಸಿ ಕೊಟ್ಬುಡು.”