ಅವ್ವಗ ಹೇಳು

ಆಸ್ಪತ್ರೆಯಿಂದ ಮನೆಗೆ ಹೊರಟ ಪ್ರತಿ ಬಾಣಂತಿಗೂ ನಾನು ಹೇಳುವ ಮಾತು ಒಂದೇ. "ಮನ್ಯಾಗ ಅವ್ವ ಅದಾಳಿಲ್ಲ? ಅವ್ವಗ ಹೇಳು, ಕೂಸಿಗೆ ಬೇರು ತೇದು ಘುಟ್ಟಿ ಹಾಕಬ್ಯಾಡ, ಹೊಗಿ ಭಾಳ ಹಿಡೀಬ್ಯಾಡ, ಹೊಕ್ಕಳಕ್ಕ ಏನೂ ಹಚ್ಚಬ್ಯಾಡ ಅಂತ." ಜಮಖಂಡಿಯ ಈ ಸಣ್ಣ ಹೆರಿಗೆ ಆಸ್ಪತ್ರೆಗೆ ನರ್ಸ್ ಆಗಿ ಸೇರಿದಾಗಿನಿಂದ ಹೇಳುತ್ತ ಬಂದಿದ್ದೇನೆ. ಈಗ ಬಾಯಿ ತಾನೇ ಹೇಳಿಕೊಳ್ಳುತ್ತದೆ. ಕೈ ಸೂಜಿಗೆ ಔಷಧ ತುಂಬುತ್ತಿರುತ್ತದೆ, ಕಣ್ಣು ಬಾಗಿಲಲ್ಲಿ ನಿಂತ ಮುಂದಿನವರ ಮೇಲಿರುತ್ತದೆ.

ಗಂಡನಿಗೆ ಹೇಳು, ಅತ್ತೆಗೆ ಹೇಳು ಅನ್ನದೆ ಅವ್ವನಿಗೇ ಹೇಳು ಅನ್ನುವುದಕ್ಕೆ ಕಾರಣವಿದೆ. ನಮ್ಮ ಕಡೆ ಮೊದಲ ಬಾಣಂತನ ತವರಿನದು. ಸೀಮಂತದ ಕುಬಸ ಮಾಡಿ ಬಸುರಿ ಮಗಳನ್ನು ಕರೆತಂದರೆ, ಕೂಸನ್ನು ತೊಟ್ಟಿಲಿಗೆ ಹಾಕಿ, ಅವಳ ಮೈ ಗಟ್ಟಿಯಾದ ಮೇಲೆಯೇ ಗಂಡನ ಮನೆಗೆ ಕಳಿಸುವುದು. ಅಲ್ಲಿಯವರೆಗೆ ತಾಯಿ–ಕೂಸಿಗೆ ನೀರು ಎರೆಯುವುದು, ಲೋಬಾನದ ಹೊಗೆ ಹಾಕುವುದು, ಅಂಟಿನ ಉಂಡಿ ಕಟ್ಟಿ ತಿನ್ನಿಸುವುದು ಎಲ್ಲ ಅವ್ವನ ಪಾಲಿನ ಕೆಲಸ. ಅದನ್ನು ಮಾಡದ ತವರು ಎಂಥ ತವರು ಎಂದು ಜನ ಕೇಳುತ್ತಾರೆ. ನಾನೂ ಎಷ್ಟೋ ಜನರ ಬಗ್ಗೆ ಹಾಗೆ ಕೇಳಿದವಳೇ.

ನನಗೆ ಒಬ್ಬಳೇ ಮಗಳು. ಮುಧೋಳಕ್ಕೆ ಕೊಟ್ಟಿದ್ದೇವೆ. ಅವಳು ಬೆಳೆದದ್ದು ನಮ್ಮ ಮನೆಯಲ್ಲಿ ಅರ್ಧ, ನೆರೆಯವರ ಮನೆಯಲ್ಲಿ ಅರ್ಧ. ಜ್ವರ ಬಂದಾಗಲೂ ಅವರ ಹಾಸಿಗೆಯಲ್ಲೇ ಮಲಗಿ, ನಾನು ಬರುವ ಹೊತ್ತಿಗೆ ಜ್ವರ ಇಳಿಸಿಕೊಂಡು ಕೂತಿರುತ್ತಿದ್ದಳು. ಅವಳಪ್ಪ ಸಮೀರವಾಡಿಯ ಸಕ್ಕರೆ ಫ್ಯಾಕ್ಟರಿಯಲ್ಲಿ ಪಾಳಿಯ ಮೇಲೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಅವರ ಮುಖ ನೋಡುವುದೇ ಕಷ್ಟ. ಆದರೂ ನನ್ನನ್ನು "ಮನಿಗೆ ಮಾರಿ, ಊರಿಗೆ ಉಪಕಾರಿ" ಎಂದು ಚುಡಾಯಿಸುವುದಕ್ಕೆ ಮಾತ್ರ ಅವರಿಗೆ ಹೇಗೋ ಬಿಡುವು ಸಿಗುತ್ತಿತ್ತು.

ಕುಬಸದ ದಿನ ಹಸಿರು ಸೀರೆ ಉಟ್ಟು ಕೂತ ಮಗಳು ನನ್ನ ಕೈ ಹಿಡಿದು, "ಅವ್ವಾ, ನೀನ ಎರೀಬೇಕು ನೋಡು. ಎರಿಯೋ ಮುದುಕೀನ ಗೊತ್ತು ಮಾಡಬ್ಯಾಡ" ಅಂದಳು. ಸಣ್ಣವಳಿದ್ದಾಗಿನಿಂದ ನನ್ನನ್ನು ಏನೂ ಕೇಳಿದವಳಲ್ಲ. ನಾನೇ ಎರೆಯುತ್ತೇನೆ ಎಂದು ಮಾತು ಕೊಟ್ಟೆ. ಇದೊಂದು ನನ್ನ ಕೈಯಾರೆ ಆಗಲಿ ಎಂದು ದೇವರಲ್ಲೂ ಬೇಡಿಕೊಂಡೆ.

ರಜೆ ಕೇಳಲು ಹೋದಾಗ ನಮ್ಮ ಡಾಕ್ಟರು, ಎಲ್ಲರೂ ಬಾಯಾರು ಅನ್ನುವ ಹೆಣ್ಣುಮಗಳು, ಬೇಡವೆನ್ನಲಿಲ್ಲ. "ತಗೋರಿ, ಯಾರು ಬ್ಯಾಡಂತಾರ? ಆದ್ರ…" ಎಂದು ಅಲ್ಲಿಗೇ ನಿಲ್ಲಿಸಿದರು. ಮುಂದಿನದು ನನಗೆ ಗೊತ್ತಿತ್ತು. ಇನ್ನೊಬ್ಬ ಸಿಸ್ಟರ್ ತಾನೇ ತುಂಬಿದ ಬಸುರಿಯಾಗಿ ಬೀಳಗಿಯ ತವರಿಗೆ ಹೋಗಿದ್ದಳು. ಅವಳಿಗೂ ಒಬ್ಬ ಅವ್ವ ಇದ್ದಾಳೆ, ಆ ಅವ್ವ ಮನೆಯಲ್ಲೇ ಇರುತ್ತಾಳೆ. ಸಿಟ್ಟು ಮಾಡಬೇಕೆಂದರೂ ಯಾರ ಮೇಲೆ ಮಾಡಲಿ? ಬಾಯಾರ ಮೇಲೂ ಆಗುವುದಿಲ್ಲ. ಅವರ ಮನೆ ಆಸ್ಪತ್ರೆಯ ಮೇಲಿನ ಮಹಡಿಯಲ್ಲೇ ಇದೆ. ಕುಕ್ಕರ್ ಕೂಗಿದ್ದು ನಮಗೆ ಕೆಳಗೆ ಕೇಳುತ್ತದೆ, ಅವರ ಊಟದ ತಾಟು ಮಾತ್ರ ಕೆಳಗಿಳಿದು ತಣ್ಣಗಾಗಿ ಹಾಗೇ ಮೇಲೆ ಹೋಗುತ್ತದೆ. ಮಗನ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆಂದು ರೇಷ್ಮೆ ಸೀರೆ ಉಟ್ಟು ಇಳಿದವರು, ಅದೇ ಸೀರೆಯ ಮೇಲೆ ಗೌನ್ ಹಾಕಿಕೊಂಡು ಹೆರಿಗೆ ಮಾಡಿಸಿದ್ದನ್ನು ನೋಡಿದ್ದೇನೆ.

"ಕರದರ ಅಷ್ಟ ಬರ್ರಿ. ಹಿಂದಿನ ಓಣ್ಯಾಗ ಅದೀರಿ" ಅಂದರು. ಒಪ್ಪಿಕೊಂಡೆ. ಒಪ್ಪದೆ ಏನು ಮಾಡಬೇಕಿತ್ತು ಎಂದು ಈಗಲೂ ಯಾರಾದರೂ ಹೇಳಿದರೆ ಕೇಳುತ್ತೇನೆ.

ಹೆರಿಗೆ ಸುಸೂತ್ರ ಆಯಿತು. ಹೆಣ್ಣು ಕೂಸು. ಮನೆಗೆ ತಂದ ಮೇಲೆ ಕೆಲವು ದಿನ ನಿಜವಾಗಿಯೂ ಸುಖ ಕಂಡೆ, ಅದನ್ನೂ ಹೇಳಬೇಕು. ಬೆಳಿಗ್ಗೆ ಹಂಡೆಗೆ ಉರಿ ಹಾಕಿ, ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ ಅದು ಆಕಳಿಸುತ್ತಿತ್ತು. ಮಗಳು ಬಾಗಿಲಿಗೆ ಒರಗಿ ನೋಡುತ್ತ ನಿಲ್ಲುತ್ತಿದ್ದಳು. "ಗಾಳಿ ಬಡೀತೈತಿ, ಒಳಗ ನಡಿ" ಅಂದರೂ ಹೋಗುತ್ತಿರಲಿಲ್ಲ.

ಒಂದು ದಿನ ಹಾಗೆ ಎರೆಯುತ್ತಿರುವಾಗಲೇ ಕಿಟಕಿಯಲ್ಲಿಟ್ಟ ಫೋನು ರಿಂಗಾಯಿತು. ಹಿಂದೆಯೂ ರಿಂಗಾಗಿತ್ತು, ನಾನು ಹೋಗಿ ಬಂದಿದ್ದೆ. ಆದರೆ ಯಾವತ್ತೂ ಕೂಸು ಕಾಲ ಮೇಲಿದ್ದಾಗ ಅಲ್ಲ. ಮಗಳು ಎತ್ತಿ ನನ್ನ ಕಿವಿಗೆ ಹಿಡಿದಳು. "ಸಿಸ್ಟರ್, ಹುನ್ನೂರಿಂದ ಒಬ್ಬಾಕಿನ್ನ ತಂದಾರ. ಕೂಸಿನ ಕೈ ಮುಂದ ಬಂದೈತಿ. ನಾ ಒಬ್ಬಾಕಿನ ಅದೀನಿ" ಅಂದರು ಬಾಯಾರು. ನನ್ನ ಕಾಲ ಮೇಲಿನ ಕೂಸಿಗೆ ಮೈತುಂಬ ಎಣ್ಣೆ, ಕಡ್ಲಿ ಹಿಟ್ಟು, ಇನ್ನೂ ಅರ್ಧ ನೀರು ಬಾಕಿ. ಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಏಳು, ನಾ ಎರೀತೇನಿ" ಅಂದಳು.

ಹಸಿ ಬಾಣಂತಿ ನೀರಲ್ಲಿ ಕೈ ಅದ್ದಬಾರದು ಎನ್ನುವುದು ನಮ್ಮ ಕಡೆ ಸಣ್ಣ ಹುಡುಗಿಯರಿಗೂ ಗೊತ್ತು. ನಾನು ಎದ್ದೆ.

ಆ ಹುನ್ನೂರಿನವಳು ಉಳಿದಳು, ಅವಳ ಕೂಸೂ ಉಳಿಯಿತು. ಅವಳ ಅವ್ವ ನನ್ನ ಕಾಲಿಗೆ ಬೀಳಲು ಬಂದಳು. ಮಧ್ಯಾಹ್ನ ಇಳಿದ ಮೇಲೆ ಮನೆಗೆ ಬಂದರೆ, ಬಾಗಿಲಲ್ಲೇ ಲೋಬಾನದ ವಾಸನೆ. ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಕೂಸಿನ ಪಕ್ಕದಲ್ಲಿ ನಿದ್ದೆ ಹೋಗಿದ್ದಳು. ಅಡುಗೆಮನೆಯಲ್ಲಿ ಬೀಗತಿ. ಅಂಟಿನ ಉಂಡಿ ಕಟ್ಟಿಕೊಂಡು ಮುಧೋಳದಿಂದ ಮುಂಜಾನೆಯ ಬಸ್ಸಿಗೆ ಬಂದವರು ಕಂಡದ್ದು, ಸೊಸೆ ಒದ್ದೆ ಸೀರೆಯಲ್ಲಿ ಬಚ್ಚಲಲ್ಲಿ ಕೂತು ತನ್ನ ಕೂಸಿಗೆ ತಾನೇ ಎರೆಯುತ್ತಿರುವುದನ್ನು. ಅದನ್ನು ಅವರು ಬಾಯಿಬಿಟ್ಟು ಹೇಳಲೇ ಇಲ್ಲ, ಎದ್ದ ಮೇಲೆ ಮಗಳು ಹೇಳಿದಳು. ಬೀಗತಿ ನನ್ನನ್ನು ನೋಡಿ, "ಮದಲ ಊಟ ಮಾಡ್ರಿ. ರೊಟ್ಟಿ ಬಿಸಿ ಅದಾವು" ಅಂದರಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಮನೆಯಲ್ಲಿ ಅವರು ಬಡಿಸಿದ ರೊಟ್ಟಿಯನ್ನು ನಾನು ತಲೆ ತಗ್ಗಿಸಿ ತಿಂದೆ. ಹಸಿವೆಯೂ ಆಗಿತ್ತು.

ತೊಟ್ಟಿಲ ಕಾರ್ಯ ಮುಗಿದ ದಿನ ಬೀಗತಿ ಮೆಲ್ಲಗೆ ಮಾತು ತೆಗೆದರು. "ನಿಮ್ಮ ಡ್ಯೂಟಿ ಅಂಥಾದ್ದೈತ್ರಿ, ತಪ್ಪಂತ ನಾ ಅನ್ನೂದಿಲ್ಲ. ನಾ ಖಾಲಿನ ಕುಂತಿರ್ತೇನಿ. ಕರಕೊಂಡು ಹೋಗಲೇನ್ರಿ?" ನಾನು ಮಗಳ ಮುಖ ನೋಡಿದೆ. ಒಲ್ಲೆ ಅನ್ನುತ್ತಾಳೇನೋ ಎಂದು ಕಾದೆ. ಅವಳು ಕೂಸಿನ ಕುಂಚಿಗೆಯ ದಾರ ಬಿಚ್ಚಿ ಮತ್ತೆ ಕಟ್ಟಿದಳು. ಅಷ್ಟರಲ್ಲಿ ಫೋನು ಬಂತು. ಎತ್ತಲಿಲ್ಲ, ಆದರೆ ಬಂದದ್ದು ಎಲ್ಲರಿಗೂ ಕೇಳಿಸಿತು. ಅವರನ್ನು ಕೂರಿಸಿಕೊಂಡ ಆಟೋ ಓಣಿಯ ತಿರುವು ದಾಟುವವರೆಗೆ ಹೊರಗೆ ನಿಂತು, ಒಳಗೆ ಬಂದು, ಅಗ್ಗಿಷ್ಟಿಕೆಯ ಬೂದಿ ಚೆಲ್ಲಿ, ಯೂನಿಫಾರ್ಮ್ ಹಾಕಿಕೊಂಡು ಹೋದೆ.

ತಿಂಗಳೊಪ್ಪತ್ತಿನ ಮೇಲೆ ಕೂಸಿಗೆ ಸೂಜಿ ಹಾಕಿಸಲು ಅವರು ನಮ್ಮ ಆಸ್ಪತ್ರೆಗೇ ಬಂದರು. ಅಂದು ಸೂಜಿಯ ದಿನ, ವರಾಂಡ ತುಂಬ ಅಳುವ ಕೂಸುಗಳು. ಪಾಳಿ ಬಂದಾಗ ಬೀಗತಿಯನ್ನು ಹೊರಗೆ ಕೂರಿಸಿ ಮಗಳೊಬ್ಬಳೇ ಕೂಸನ್ನೆತ್ತಿಕೊಂಡು ಒಳಗೆ ಬಂದಳು. ಕೂಸು ಕೆನ್ನೆ ತುಂಬಿಕೊಂಡಿತ್ತು. ಅದರ ಮೈಯಿಂದ ನಮ್ಮ ಮನೆಯದಲ್ಲದ ಎಣ್ಣೆಯ ವಾಸನೆ ಬರುತ್ತಿತ್ತು. ತೂಕ ಮಾಡಿದೆ, ತೊಡೆಗೆ ಸೂಜಿ ಚುಚ್ಚಿದೆ. ಅದು ನನ್ನನ್ನೇ ದಿಟ್ಟಿಸಿ, ಒಂದು ಕ್ಷಣ ತಡೆದು, ಕಿರಿಚಿ ಅತ್ತಿತು. ಹತ್ತಿ ಒತ್ತಿ ಹಿಡಿದು ಮುಂದಿನ ಸೂಜಿಗೆ ಕೈ ಚಾಚುತ್ತಿದ್ದೆ, ಬಾಯಿ ತನ್ನ ಪಾಡಿಗೆ ತಾನು ಹೇಳಿತು.

"ಜ್ವರ ಬರಬಹುದು, ಅಂಜಬ್ಯಾಡ. ಮನ್ಯಾಗ ಅವ್ವ ಅದಾಳಿಲ್ಲ? ಅವ್ವಗ ಹೇಳು, ಇವತ್ತು ಎರೀಬ್ಯಾಡ ಅಂತ."

ಹೇಳಿ ಮುಗಿದ ಮೇಲೆಯೇ ಯಾರಿಗೆ ಹೇಳಿದೆ ಎಂದು ತಿಳಿದದ್ದು. ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು.

"ಹೂಂ," ಅಂದಳು. "ಹೊರಗ ಕುಂತಾಳ. ಹೇಳ್ತೇನಿ."

ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಅವಳ ಮುಖದಲ್ಲಿ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ.